ಗುಳ್ಳವ್ವನ ಮಣ್ಣು

೫-೬-೪೪, ಸೋಮವಾರ
ಇವತ್ತೂ ಅದೇ. ಮಮದಾಪುರದ ಕೆರೆಯಿಂದ ತಂದ ಜೇಕು ಹುಲ್ಲು, ಜೊತೆಗೆ ಕರಿಕೆ — ನಮ್ಮ ಕೆರೆ ಒಡ್ಡಿನ ನೀರಬದಿಗೆ ನೆಟ್ಟೆ. ಸೊಂಟ ಹೋಯಿತು. ಗಾಳಿ ಎದ್ದರೆ ತೆರೆ ಬಡಿದು ಒಡ್ಡು ದಿನಾ ಒಂದಿಷ್ಟು ಕರಗುತ್ತದೆ. ಕಲ್ಲು ಹೊಂದಿಸಲು ಯುದ್ಧ ಮುಗಿಯಬೇಕಂತೆ, ಓವರ್‌ಸೀಯರ್ ಸಾಹೇಬರು ಹೇಳಿದರು. ತೆರೆಗೆ ಯುದ್ಧ ಗೊತ್ತೇ? ಬೇರು ಹಿಡಿದರೆ ಉಳಿದೇವು.
ಒಡ್ಡಿನ ಬುಡದಲ್ಲೇ ತಂಗಿ ಲಕ್ಕವ್ವನ ಮನೆ. ಗಂಡ ಸತ್ತ ಮೇಲೆ ಒಬ್ಬಳೇ. ಮೇಲೋಣಿಗೆ ಬಾ ಎಂದರೆ, “ನೀ ಕೆರಿ ಕಾಯಾಕತ್ತೀಯಲ್ಲ ಅಣ್ಣಾ, ನನಗ್ಯಾತರ ಅಂಜಿಕಿ?” ಅದೇ ನನಗೆ ಭಾರ.

೨೦-೬, ಮಣ್ಣೆತ್ತಿನ ಅಮಾವಾಸ್ಯೆ
ಎತ್ತು ಮಾಡಲು ಊರಿಗೆ ಊರೇ ಮಣ್ಣು ಒಯ್ದಿದೆ. ನಾನು ನೆಟ್ಟಲ್ಲಿಂದಲೇ! ಅಲ್ಲಿ ಮೆತ್ತಗಂತೆ. ಹಬ್ಬದ ದಿನ ಯಾರನ್ನು ಬೈಯಲಿ. ಮತ್ತೆ ನೆಟ್ಟೆ.

೨೭-೬, ಮಂಗಳವಾರ
ಆಷಾಢ. ಇನ್ನು ಮಂಗಳವಾರಕ್ಕೊಮ್ಮೆ ಹುಡುಗಿಯರಿಗೆ ಮಣ್ಣಿನ ಗುಳ್ಳವ್ವನ ಪೂಜೆ. ಬುಟ್ಟಿ ಹಿಡಿದು ಬಂದವರ ಮುಂದೆ ನನ್ನ ಮಗಳು ಕಾಶಿಬಾಯಿಯೇ. ಚೀರಿಬಿಟ್ಟೆ — “ನೀರಿನ ಕಡಿ ಮಣ್ಣು ಮುಟ್ಟಿದ್ರ ಕೈ ಮುರೀತೀನಿ!”
“ಹಂಗಾರ ಎಲ್ಲಿಂದ ತರೂಣು, ಯಪ್ಪಾ?”
“ಎಲ್ಲಿಂದರ ತರ್ರಿ, ನನಗೇನ ಕೇಳ್ತೀರಿ!”
ಅಳುತ್ತ ಹೋದಳು. ನನಗೆ ಊಟ ಸೇರಲಿಲ್ಲ.

೧೫-೭, ಶನಿವಾರ
ಇಷ್ಟು ದಿನ ಜ್ವರ, ಹಾಸಿಗೆ. ಇವತ್ತು ಮೆಲ್ಲಗೆ ಒಡ್ಡು ಹತ್ತಿ ನೋಡಿದೆ. ಕರಿಕೆ ಹಬ್ಬಿದೆ, ಜೇಕು ಎದ್ದಿದೆ. ತೆರೆ ಬಂದು ಅದರೊಳಗೇ ಸುಮ್ಮನಾಗುತ್ತದೆ. ಯಾರೂ ಮುಟ್ಟಿಲ್ಲ... ಶಹಬ್ಬಾಸ್ ಹುಡುಗಿಯರೇ. ಕಣ್ಣು ತುಂಬಿತು.

೧೮-೭, ಮಂಗಳವಾರ, ಮಧ್ಯಾಹ್ನ
ನಿನ್ನೆಯಿಂದ ಮಳೆ. ಕೆರೆ ಏರಿದೆ. ನೀರಬದಿ ಭದ್ರ. ಲಕ್ಕವ್ವನಿಗೆ ಹೇಳಲು ಹೊರಬದಿಗೆ ಇಳಿದರೆ — ಒಡ್ಡಿನ ಬುಡದಲ್ಲಿ ದೊಡ್ಡ ಗುಂಡಿ. ಅಯ್ಯೋ ಶಿವನೇ.
“ನೀರಿನ ಕಡಿ ಮುಟ್ಟೇ ಇಲ್ಲ, ಯಪ್ಪಾ. ಎಲ್ಲಾ ವಾರ ಇಲ್ಲಿಂದನ ಒಯ್ದೀವಿ.” ಪೂಜೆಗೆ ಬಂದಿದ್ದ ಕಾಶಿಬಾಯಿಯ ಮುಖದಲ್ಲಿ ಎಷ್ಟು ಹೆಮ್ಮೆ.
ಗುಂಡಿಯಲ್ಲಿ ನೀರು ಒಸರುತ್ತಿದೆ. ರಾಡಿ ನೀರು — ಒಡ್ಡಿನೊಳಗಿನ ಮಣ್ಣೇ ಕೊಚ್ಚಿ ಬರುತ್ತಿದೆ. ಹುಡುಗಿಯರನ್ನೆಲ್ಲ ಮೇಲೋಣಿಗೆ ಅಟ್ಟಿದೆ. ಊರಿನವರು ಮಣ್ಣು ತುಂಬುತ್ತಿದ್ದಾರೆ. ಜ್ವರದ ಮೈ, ನಾನು ಬುಟ್ಟಿ ಎತ್ತಲಾರೆ.
ಹುಡುಗಿಯರು ಗುಳ್ಳವ್ವನನ್ನು ಕೂರಿಸಿದ್ದು ಲಕ್ಕವ್ವನ ಮನೆಯಲ್ಲೇ; ಅವಳು ಏಳುತ್ತಿಲ್ಲ. “ಆರತಿ ಆಗ್ಲಿ ತಡಿ ಅಣ್ಣಾ. ಗುಳ್ಳವ್ವನ ಮುಂದಿಂದ ನಡುವ ಹೆಂಗ ಏಳಲಿ?”
ಅವಳು ಏಳದೆ ನಾನೂ ಏಳುವುದಿಲ್ಲ. ಅವಳ ಕಟ್ಟೆಯ ಮೇಲೆ ಕೂತಿದ್ದೇನೆ. ಕೈ ಸುಮ್ಮನಿರದೆ ಬರೆಯುತ್ತಿದ್ದೇನೆ. ಒಳಗೆ ಅವಳೊಬ್ಬಳದೇ ಆರತಿಯ ಹಾಡು ಈಗ ಶುರುವಾಯಿತು. ಉದ್ದ ಹಾಡು. ಒಡ್ಡಿನ ಮೇಲೆ ಯಾರೋ ಕೂಗುತ್ತಿದ್ದಾರೆ, ನನ್ನ ಹೆಸರು ಹಿಡಿದು —