ಒಂದೇ ಕಿವಿಯ ಹಾಡಿನ ಡಬ್ಬಿ

ನಾಯಂಡಹಳ್ಳಿ,
ಮಹಾಲಯ ಅಮಾವಾಸ್ಯೆ, ಸಂಜೆ

ಅಪ್ಪ,

ನಿನಗೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ನೀನು ಬದುಕಿದ್ದಾಗ ಬರೆಯುವ ಪ್ರಮೇಯವೇ ಬರಲಿಲ್ಲ. ಒಂದೇ ಮನೆಯಲ್ಲಿದ್ದವರು, ಕೂಗಿದರೆ ಆಗುತ್ತಿತ್ತು. ನಿನಗೆ ಎರಡೆರಡು ಸಲ ಕೂಗಬೇಕಿತ್ತು, ಅಷ್ಟೇ. ಈಗ ಆರು ಗಂಟೆ ಆಗಿದೆ. ಮನೆ ಮುಂದಿನ ಮೆಟ್ಟಿಲ ಮೇಲೆ ಕೂತಿದ್ದೇನೆ. ಏಳಕ್ಕೆ ನೀನು ಬರುತ್ತೀಯ. ಅಷ್ಟರೊಳಗೆ ಇದನ್ನು ಮುಗಿಸಬೇಕು.

ಮೂವತ್ತು ವರ್ಷ ಲೇತ್ ಮಿಷನ್ ಮುಂದೆ ನಿಂತು ನಿನ್ನ ಕಿವಿ ಮಂದವಾಗಿತ್ತು. ಹಾಗಂತ ಒಪ್ಪಿಕೊಳ್ಳುವ ಆಸಾಮಿ ನೀನಲ್ಲ. ಕೆಲಸ ಬಿಟ್ಟ ಮೇಲೆ ಅಂಗೈಯಗಲದ ಹಾಡಿನ ಡಬ್ಬಿಯೊಂದನ್ನು ತಂದೆ. ಮೆಮೊರಿ ಕಾರ್ಡಿನ ತುಂಬ ಹಳೇ ಹಾಡು ಹಾಕಿಸಿ, ಅಂಗಿ ಜೇಬಿಗೆ ಇಳಿಬಿಟ್ಟು, ಫುಲ್ ಸೌಂಡ್ ಕೊಟ್ಟು ಊರೆಲ್ಲ ತಿರುಗಿದೆ. ಹಾಲಿಗೆ ಹೋದರೂ ಹಾಡು, ಕಟಿಂಗಿಗೆ ಹೋದರೂ ಹಾಡು. ಬೀದಿ ತುದಿಯ ಗೋಡೌನ್ ಮೂಲೆಯಲ್ಲಿ ನೀನು ತಿರುಗಿದ್ದು ಅಡುಗೆಮನೆಯಲ್ಲಿದ್ದ ಅಮ್ಮನಿಗೆ ಗೊತ್ತಾಗುತ್ತಿತ್ತು. ಅವಳು ಆಗ ಮುದ್ದೆಗೆ ಎಸರು ಇಡುತ್ತಿದ್ದಳು. ನನಗೆ ಮಾತ್ರ ನಾಚಿಕೆ. ಜ್ಞಾನಭಾರತಿ ಹತ್ತಿರದ ನನ್ನ ಜೆರಾಕ್ಸ್ ಅಂಗಡಿಗೆ ನೀನು ಊಟ ತಂದಾಗ ಒಂದು ದಿನ, 'ಅದನ್ನ ಆಫ್ ಮಾಡ್ಕೊಂಡ್ ಬಾರಪ್ಪ, ಸ್ಟೂಡೆಂಟ್ಸ್ ನಗ್ತಾರೆ' ಅಂದುಬಿಟ್ಟೆ. ಮಾರನೆಯ ದಿನದಿಂದ ನೀನು ಡಬ್ಬಿ ಬಂದ್ ಮಾಡಿಕೊಂಡೇ ಬಂದೆ. ಆಡಿದ ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ.

ಅದಕ್ಕೇ ಇರಬೇಕು, ಹೋದ ವರ್ಷ ಶ್ರಾವಣದಲ್ಲಿ ನೀನು ತೀರಿಕೊಂಡ ದಿನ ನಾನು ಆ ಕೆಲಸ ಮಾಡಿದ್ದು. ನಿನಗೆ ಸ್ನಾನ ಮಾಡಿಸಿ ಹೊಸ ಬಿಳಿ ಅಂಗಿ ತೊಡಿಸಿದ್ದರು. ಆ ಖಾಲಿ ಜೇಬನ್ನು ನನ್ನಿಂದ ನೋಡಲಾಗಲಿಲ್ಲ. ಯಾರಿಗೂ ಹೇಳದೆ ಡಬ್ಬಿಯನ್ನು ಅದರೊಳಗೆ ಇಟ್ಟೆ. ರುದ್ರಭೂಮಿಯಲ್ಲಿ ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕುತ್ತಿದ್ದಾಗ ಬಿದ್ದ ಹೆಂಟೆಗೆ ಬಟನ್ ಒತ್ತಿತೋ ಏನೋ, ಕೆಳಗಿನಿಂದ ಹಾಡು ಶುರುವಾಯಿತು. ಸಲಿಕೆ ಹಿಡಿದವರು ಹಿಂದೆ ಸರಿದರು. ಇಳಿದು ತೆಗೆಯುವ ಧೈರ್ಯ ಒಬ್ಬರಿಗೂ ಬರಲಿಲ್ಲ. ಅಮ್ಮನೇ, 'ಹಾಡ್ಲಿ ಬಿಡಿ, ಜೊತೆಗಿರ್ಲಿ' ಅಂದಳು. ಮಣ್ಣು ಎಳೆದರು. ಹಾಡಿನ ದನಿ ದಪ್ಪಗಾಗುತ್ತಾ ಹೋಯಿತೇ ಹೊರತು ನಿಲ್ಲಲಿಲ್ಲ. ಫುಲ್ ಚಾರ್ಜಿಗೆ ಆರು ಗಂಟೆ ಬರುವ ಡಬ್ಬಿ ಅದು. ಅವತ್ತು ಕತ್ತಲಾಗುವ ತನಕ ನಾನು ಗಡಿಯಾರ ನೋಡುತ್ತಲೇ ಇದ್ದೆ.

ತಿಥಿ ಕಳೆದ ಮೇಲೆ ಅಮ್ಮ ದಿನಾ ಸಂಜೆ ಏಳಕ್ಕೆ ಈ ಮೆಟ್ಟಿಲ ಮೇಲೆ ಕೂರತೊಡಗಿದಳು. 'ಗೋಡೌನ್ ಹತ್ರ ಬಂದ್ರು ಕಣೇ' ಅನ್ನುತ್ತಿದ್ದಳು. ದೀಪಾವಳಿ ಹೊತ್ತಿಗೆ ನೀನು ಲೈಟ್ ಕಂಬದವರೆಗೆ ಬರುತ್ತಿದ್ದೆಯಂತೆ, ಯುಗಾದಿ ಹೊತ್ತಿಗೆ ಪಕ್ಕದ ಮುನಿತಾಯಮ್ಮನ ಮನೆ ನಲ್ಲಿಯವರೆಗೆ. ನಾನು ತಮಾಷೆ ಮಾಡುತ್ತಿದ್ದೆ. ಹೋದ ತಿಂಗಳು ಮೆಟ್ರೊ ಇಳಿದು ನಡೆದು ಬರುವಾಗ ಬೆನ್ನ ಹಿಂದೆ ನನಗೂ ಕೇಳಿತು. ಮಣ್ಣೊಳಗಿಂದ ಬಂದ ಹಾಗೆ ದಪ್ಪ ಹಾಡು, ಅದರ ಜೊತೆಗೆ, ಬದುಕಿದ್ದಾಗಿನ ಹಾಗೇ, ನೀನು ಎಡಗಾಲು ಎಳೆದು ನಡೆಯುವ ಸದ್ದು. ತಿರುಗಿ ನೋಡಲು ನನ್ನಿಂದ ಆಗಲಿಲ್ಲ ಅಪ್ಪ. ಮನೆ ತಲುಪಿದರೆ ಅಮ್ಮ ನನ್ನನ್ನು ನೋಡಲೇ ಇಲ್ಲ. ನನ್ನ ಹಿಂದೆ ನೋಡಿ ನಕ್ಕಳು.

ಆಮೇಲೆ ಅವಳು ಊಟ ಬಿಡುತ್ತಾ ಬಂದಳು. ತಟ್ಟೆ ಮುಂದಿಟ್ಟರೆ ಎರಡು ತುತ್ತು ನುಂಗಿ, 'ಸಾಕು, ಅವರ ಜೊತೇಲೇ ಉಣ್ತೀನಿ' ಅನ್ನುತ್ತಾಳೆ. ಅವಳ ರವಿಕೆಗಳನ್ನೆಲ್ಲ ಈ ಒಂದು ತಿಂಗಳಲ್ಲೇ ಎರಡು ಸಲ ಹೊಲಿಗೆ ಹಿಡಿಸಿಕೊಟ್ಟಿದ್ದೇನೆ.

ವರ್ಷ ತುಂಬಿತಲ್ಲ, ಈ ಸಲ ನಿನಗೆ ಮೊದಲ ಎಡೆ. ಮುದ್ದೆ, ಕೋಳಿಸಾರು, ಬೀಡಿ, ಹೊಸ ಪಂಚೆ, ಅಂಗಿ, ನಿನಗೆ ಇಷ್ಟವಾದದ್ದೆಲ್ಲ ಇಡಬೇಕು. 'ಡಬ್ಬೀನೂ ಹೊಸದು ಬೇಕು. ಹಳೇದ್ರ ಸೌಂಡು ಇಳೀತಾ ಇದೆ, ಪಾಪ' ಅಂದಳು ಅಮ್ಮ. ಸರಿ, ಮೊನ್ನೆ ವಿಜಯನಗರಕ್ಕೆ ಕರೆದುಕೊಂಡು ಹೋದೆ. ಎಲೆಕ್ಟ್ರಾನಿಕ್ ಅಂಗಡಿಯ ಮುತ್ತುರಾಜ ಗಾಜಿನ ಮೇಲೆ ಮೂರು ಇಟ್ಟ. ಒಂದು ನಿನ್ನದರ ಹಾಗೇ ಗಲಾಟೆಯದು. ಇನ್ನೊಂದು ಹಳೇ ರೇಡಿಯೊ ಆಕಾರದ್ದು, ಹಾಡು ಮೊದಲೇ ತುಂಬಿಸಿದ್ದು, ಇಯರ್‌ಫೋನೂ ಹಾಕಬಹುದು. ಮೂರನೆಯದು ಹೆಬ್ಬೆರಳಷ್ಟಿತ್ತು, ಸ್ಪೀಕರ್ ಇಲ್ಲ, ಒಂದೇ ಕಿವಿಗೆ ಸಿಕ್ಕಿಸುವ ವೈರು, ಒಂದು ಪೆನ್ಸಿಲ್ ಸೆಲ್. 'ಕರೆಂಟ್ ಇಲ್ಲದಿರೋ ಕಡೆ ಯಾವ್ದು ಒಳ್ಳೇದಪ್ಪ?' ಅಂತ ಅಮ್ಮ ಕೇಳಿದಳು. 'ಯಾರಿಗಮ್ಮ?' 'ನಮ್ಮನೆಯವರಿಗೆ.' 'ಯಾವೂರಲ್ಲಿದಾರೆ?' 'ಇಲ್ಲೇ, ಹತ್ರ.'

ಆಮೇಲೆ ಅಮ್ಮ ಗಾಜಿನ ಮೇಲೆ ಬಾಗಿ ಮೆಲ್ಲಗೆ, 'ಇಬ್ರು ಕೇಳೋದು ಇದ್ಯಾ?' ಅಂದಳು. ಆತ ಖುಷಿಯಿಂದ ಕವಲು ವೈರೊಂದನ್ನು ತೆಗೆದು ಎರಡನೆಯದಕ್ಕೆ ಸಿಕ್ಕಿಸಿ ತೋರಿಸಿದ. ಅಮ್ಮ ಒಂದು ತುದಿಯನ್ನು ತನ್ನ ಕಿವಿಗೆ ಇಟ್ಟುಕೊಂಡಳು. ಇನ್ನೊಂದನ್ನು ಪಕ್ಕಕ್ಕೆ, ಯಾರೂ ಇಲ್ಲದ ಕಡೆ, ಸರಿಯಾಗಿ ನಿನ್ನ ಕಿವಿಯಷ್ಟು ಎತ್ತರಕ್ಕೆ ಹಿಡಿದು ನಿಂತಳು. 'ನಾಳೆ ತಗೊಳ್ತೀವಿ ಸಾರ್' ಅಂತ ಹೇಳಿ ಎಳೆದುಕೊಂಡು ಬಂದೆ.

ಮನೆಗೆ ಬಂದವಳೇ ಟ್ರಂಕು ತೆಗೆದು ಕೆಂಪಂಚಿನ ಧಾರೆ ಸೀರೆಯನ್ನು ನಿನ್ನ ಹೊಸ ಪಂಚೆಯ ಪಕ್ಕ ಜೋಡಿಸಿಟ್ಟಳು. ಮುನಿತಾಯಮ್ಮ ನೋಡಿ, 'ಬದುಕಿರೋರ ಸೀರೆ ಎಡೆಗೆ ಇಡ್ತಾರೇನೇ ಬೋರಮ್ಮ?' ಅಂದದ್ದಕ್ಕೆ, 'ಅವರೇ ಕೇಳಿದಾರೆ' ಅಂದಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ. ಹೆದರಿದ್ದೆಲ್ಲ ನಾನೊಬ್ಬಳೇ.

ಮಾರನೆಯ ದಿನ ಮುತ್ತುರಾಜನ ಅಂಗಡಿಗೆ ಒಬ್ಬಳೇ ಹೋದೆ. ಮುಚ್ಚಿಡುವುದು ಯಾಕೆ, ಮೂರರಲ್ಲಿ ನಿನಗೆ ಯಾವುದು ಇಷ್ಟ ಅಂತ ನಾನು ನೋಡಲಿಲ್ಲ. ಯಾವುದು ತಂದರೆ ನೀನು ಬರುವುದಿಲ್ಲ ಅಂತ ನೋಡಿದೆ. ಮೊದಲನೆಯದು ತಂದರೆ ಬೀದಿಗೆಲ್ಲ ಕೇಳುತ್ತದೆ, ಅಮ್ಮ ಎದ್ದು ಹೊರಡುತ್ತಾಳೆ. ಇಬ್ಬರು ಕೇಳಬಹುದಾದ ಎರಡನೆಯದರ ಮಾತೇ ಬೇಡ. ಒಂದೇ ಕಿವಿಯದನ್ನು ಕೊಡಿ ಅಂದೆ. ಮುತ್ತುರಾಜ, 'ವಯಸ್ಸಾದೋರಿಗೆ ಇದು ಆಗಲ್ಲ ಅಕ್ಕ, ಕಿವಿ ಮಂದ ಇದ್ರೆ ಏನೂ ಕೇಳ್ಸಲ್ಲ' ಅಂದ. 'ಅದಕ್ಕೇ ಬೇಕು' ಅಂದೆ. ಆತ ನನ್ನನ್ನು ಒಂದು ಥರಾ ನೋಡಿದ. ಹೆತ್ತ ಅಪ್ಪನಿಗೆ ಹೀಗೆ ಮಾಡುವವಳನ್ನು ನಾನಾದರೂ ಹಾಗೇ ನೋಡುತ್ತಿದ್ದೆ.

ಇವತ್ತು ಮಧ್ಯಾಹ್ನ ಎಡೆ ಇಟ್ಟೆವು. ನಿನ್ನ ಫೋಟೊ ಮುಂದೆ ಎಲೆ, ಎಲೆಯ ಪಕ್ಕ ಬಟ್ಟೆ, ಬಟ್ಟೆಯ ಮೇಲೆ ಡಬ್ಬಿ. ಸೆಲ್ ಹಾಕಿರಲಿಲ್ಲ, ಅದು ನನ್ನ ಪರ್ಸಿನಲ್ಲಿತ್ತು. ಹಿರಿಯರು ಬಂದು ಉಣ್ಣಲಿ ಅಂತ ಬಾಗಿಲು ಮುಚ್ಚಿ ಹೊರಗೆ ನಿಲ್ಲಬೇಕಲ್ಲ, ಆಗ ನಾನು ಬೇಕೆಂದೇ ಹಿಂದೆ ಉಳಿದೆ. ಅಮ್ಮನ ಸೀರೆಯನ್ನು ತೆಗೆದು ಬೀರುವಿಗೆ ಹಾಕಿ, ಬೀಗ ಹಾಕಿ, ಕೀಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದೆ. ಹೊರಗೆ ಅಮ್ಮ, ಮುನಿತಾಯಮ್ಮ, ನಾನು. ಕಾಲು ಗಂಟೆ ಒಳಗಿನಿಂದ ಒಂದು ಸದ್ದೂ ಇಲ್ಲ. ನೀನು ಬರಲಿಲ್ಲ ಅಂದುಕೊಂಡೆ. ಸಮಾಧಾನವಾಯಿತು, ಅಳುವೂ ಬಂತು. ಮೂರು ಸಲ ಬಾಗಿಲು ತಟ್ಟಿ ತೆಗೆದೆ.

ಸೀರೆ ನಿನ್ನ ಪಂಚೆಯ ಮೇಲಿತ್ತು. ಮಡಿಕೆ ಬಿಚ್ಚಿತ್ತು. ಅದರ ಸೆರಗಿನ ಮೇಲೆ, ತಲೆಗೆ ಹೊದ್ದರೆ ಉಡುವವಳ ಕಿವಿ ಬರುವ ಜಾಗದಲ್ಲಿ, ಆ ಒಂದೇ ಕಿವಿಯ ವೈರನ್ನು ನೀಟಾಗಿ ಇಡಲಾಗಿತ್ತು. ಕೀ ನನ್ನ ಸೊಂಟದಲ್ಲೇ ಇತ್ತು. ಮುನಿತಾಯಮ್ಮ ಚಪ್ಪಲಿ ಬಿಟ್ಟು ಬರಿಗಾಲಲ್ಲೇ ಮನೆಗೆ ಹೋದಳು. 'ನೋಡು, ಇರೋದೊಂದನ್ನೂ ನನಗೇ ಬಿಟ್ಟಿದಾರೆ' ಅಂತ ಅಮ್ಮ ಬಾಗಿದಳು. ಅವಳಿಗಿಂತ ಮುಂಚೆ ನಾನು ಅದನ್ನು ಎತ್ತಿ ನನ್ನ ಕಿವಿಗೆ ಇಟ್ಟುಕೊಂಡೆ.

ಸೆಲ್ ಇಲ್ಲದ ಡಬ್ಬಿ. ಮೊದಲು ಏನೂ ಇರಲಿಲ್ಲ. ಆಮೇಲೆ ಮಣ್ಣು ಉದುರುವ ಸದ್ದು ಕೇಳಿತು, ಚೂರು ಚೂರಾಗಿ, ತೀರ ಹತ್ತಿರದಲ್ಲಿ. ಅದರ ನಡುವೆ ಯಾರೋ ಉಸಿರು ಬಿಗಿಹಿಡಿದು ಇನ್ನೇನಾದರೂ ಕೇಳೀತೇ ಅಂತ ಕಾಯುತ್ತಿದ್ದರು. ಅದು ನೀನೇ. ನಮ್ಮ ಕೂಗು ಕೇಳದ ನಿನ್ನ ಕಿವಿಗೆ ಈಗ ಒಂದೊಂದು ಮಣ್ಣಿನ ಕಾಳೂ ಕೇಳುತ್ತಿದೆ. ಆರು ಗಂಟೆ ಹಾಡು ಕೊಟ್ಟು, ಅದು ನಿಂತ ಮೇಲಿನ ಸದ್ದಿಗೆ ನಿನ್ನನ್ನು ಒಂಟಿಯಾಗಿ ಬಿಟ್ಟು ಬಂದವಳು ನಾನು. ಸುಮ್ಮನೆ ಖಾಲಿ ಜೇಬಿನಲ್ಲಿ ಕಳಿಸಿದ್ದರೆ ನೀನು ಮಲಗಿಬಿಡುತ್ತಿದ್ದೆಯೇನೋ. ನೀನು ಅಮ್ಮನನ್ನು ಕರೆಯುತ್ತಿರುವುದು ಪ್ರೀತಿಗಿಂತ ಹೆಚ್ಚಾಗಿ ಹೆದರಿಕೆಗೆ. ತಪ್ಪು ನನ್ನದು, ಅಮ್ಮನದಲ್ಲ.

ಎಡೆಗಿಟ್ಟ ಬಟ್ಟೆಯನ್ನು ಮನೆಯವರು ಅವತ್ತೇ ಉಡಬೇಕು. ಆ ಸೀರೆಯನ್ನು ನಾನು ಉಟ್ಟೆ. ಅಮ್ಮ ಬೈದಳು, ಸೆರಗು ಹಿಡಿದು ಎಳೆದಳು, ಅತ್ತಳು. ಅತ್ತು ಸುಸ್ತಾಗಿ, ಎಷ್ಟೋ ದಿನಗಳ ಮೇಲೆ ಒಂದು ಮುದ್ದೆ ಪೂರ್ತಿ ಉಂಡು ಮಲಗಿದ್ದಾಳೆ. ಒಳಗಿನಿಂದ ಅವಳ ಗೊರಕೆ ಕೇಳುತ್ತಿದೆ. ಅವಳ ಜಾಗದಲ್ಲಿ, ಅವಳ ಹಾಗೇ ತಲೆ ಮೇಲೆ ಸೆರಗು ಹೊದ್ದು ನಾನು ಕೂತಿದ್ದೇನೆ.

ಗೋಡೌನ್ ಹತ್ತಿರ ಹಾಡು ತಿರುಗಿತು. ಇನ್ನೂ ಏಳಾಗಿಲ್ಲ, ಇವತ್ತು ಬೇಗ ಬಂದಿದ್ದೀಯ. ಬಾ ಅಪ್ಪ. ಸೆರಗು ಸರಿಸಿ ನೋಡು. ನಿನಗೆ ಜೊತೆ ಬೇಕೇ ಬೇಕು ಅಂದರೆ ನನ್ನನ್ನು ಕೇಳು, ಇಲ್ಲ ಅನ್ನುವ ಮುಖ ನನಗಿಲ್ಲ. ಮಗಳ ಮುಖ ನೋಡಿದ ಮೇಲೆ ನೀನು ಕೇಳಲಾರೆ ಅಂತ ನಂಬಿ ಕೂತಿದ್ದೇನೆ.

ಮನೆಯಿಂದ ಹೊರಟವರಿಗೆಲ್ಲ ಹೋಗಿ ಬಾ ಅನ್ನುತ್ತೇವೆ. ನಿನಗೆ ಇವತ್ತು ಹೋಗು ಅಂತ ಮಾತ್ರ ಅನ್ನುತ್ತೇನೆ. ಕಣ್ತುಂಬ ನಿದ್ದೆ ಬರಲಿ ನಿನಗೆ.

ಅಮ್ಮನ ಸೀರೆಯಲ್ಲಿರುವ
ನಿನ್ನ ಮಗಳು,
ಕಲಾ