ಕುದುರೆಯ ಬೆನ್ನಿಗೆ ಮುಲಾಮು

ಸೋನ್‌ಕುಲ್ ಹುಲ್ಲುಗಾವಲು,
ಜುಲೈ 14, 1983

ಪ್ರೀತಿಯ ಸೊಸೆ ಬುರುಲ್,

ಹೇಗಿದ್ದೀಯಮ್ಮ? ಹೊಲಿಗೆ ಕಾರ್ಖಾನೆಯಲ್ಲಿ ದಿನವಿಡೀ ಕೂತು ಸೊಂಟನೋವು ಹೆಚ್ಚಿತೇ? ಚಿಕ್ಕವನ ಕೆಮ್ಮಿಗೆ ಕುರಿಬಾಲದ ಕೊಬ್ಬು ಕಾಯಿಸಿ ಎದೆಗೆ ತಿಕ್ಕು. ನಾನು ಚೆನ್ನಾಗಿದ್ದೇನೆ, ಮಂಡಿ ಮಾತ್ರ ನನ್ನ ಮಾತು ಕೇಳುವುದಿಲ್ಲ. ನಿನ್ನ ಅತ್ತೆ ಇಲ್ಲದ ಮೊದಲ ಬೇಸಿಗೆ ಇದು. ಬೈಯುವವರಿಲ್ಲದೆ ಗುಡಾರ ಕಟ್ಟುವ ಕೆಲಸವೇ ಸಾಗಲಿಲ್ಲ.

ಮಾವನಾದವನು ಸೊಸೆಗೆ ಬರೆಯುವ ಸಂಗತಿಯಲ್ಲ ಇದು. ಆದರೆ ಬರೆಯಬೇಕಾದವಳು ಮಣ್ಣು ಸೇರಿದ್ದಾಳೆ, ಹಾಗಾಗಿ ನಾಚಿಕೆ ಬಿಟ್ಟು ಬರೆಯುತ್ತೇನೆ. ನಮ್ಮ ಜಿಪಾರ್ ದೊಡ್ಡವಳಾಗಿದ್ದಾಳೆ. ಚೊಚ್ಚಲ ಮಗು ಅಜ್ಜ ಅಜ್ಜಿಯ ಪಾಲು ಎಂದು, ಹಾಲು ಬಿಟ್ಟ ಕೂಡಲೇ ನಿನ್ನ ಮಡಿಲಿಂದ ಅವಳನ್ನು ಎತ್ತಿಕೊಂಡು ಬಂದೆವು. ನಮ್ಮನ್ನು ಅಪ್ಪ, ಅಮ್ಮ ಎಂದಳು, ಹೆತ್ತ ನಿನ್ನನ್ನು ಅಕ್ಕ ಎಂದಳು. ಹಾಗೆ ಮೊದಲ ಸಲ ಕರೆದ ದಿನ ನೀನು ಗೋಡೆ ಕಡೆ ಮುಖ ತಿರುಗಿಸಿ ನಿಂತಿದ್ದೆ. ನಾನು ನೋಡಿಯೂ ಚಹಾ ಕುಡಿಯುತ್ತ ಕೂತಿದ್ದೆ.

ಹೋದ ವಾರ ಸೋಮವಾರ ಅವಳು ಕುದುರೆ ಇಳಿದು ಹೋದ ಮೇಲೆ ನೋಡಿದರೆ, ಬೆನ್ನಿಗೆ ಹಾಸಿದ್ದ ಕಂಬಳಿಯಲ್ಲಿ ರಕ್ತ. ಕುದುರೆಯ ಬೆನ್ನು ಸುಲಿದಿದೆ ಎಂದುಕೊಂಡೆ. ಅರವತ್ತು ವರ್ಷ ಕುದುರೆಗಳ ಜೊತೆ ಬದುಕಿದವನು, ರಕ್ತ ಕಂಬಳಿಯ ಯಾವ ಬದಿಗಿದೆ ಎಂದು ನೋಡಲಿಲ್ಲ! ಗಾಯ ಸಿಗದಿದ್ದರೂ ಬೆನ್ನಿಗೆಲ್ಲ ಮುಲಾಮು ಬಳಿದೆ. 'ಮೂಟೆ ಥರ ಕೂತು ಕುದುರೆ ಬೆನ್ನು ಹಾಳ್ಮಾಡಿದ್ಯಲ್ಲೇ!' ಎಂದು ಮಗುವನ್ನು ಗದರಿ, ಮೂರು ದಿನ ಹಿಂಡಿನ ಹಿಂದೆ ನಡೆದೇ ಹೋಗು ಎಂದೆ. ಅವಳು ಹೊಟ್ಟೆ ಹಿಡಿದುಕೊಂಡು ನಡೆದಳು, ಬುರುಲ್.

ಗುರುವಾರ ಪಕ್ಕದ ಗುಡಾರದ ಊಲ್‌ಕಾನ್ ಹಾಲು ಕರೆಯಲು ಬಂದಳು. ಮಿರಿಮಿರಿ ಮಿಂಚುವ ಕುದುರೆಯನ್ನೂ ಬಿಳುಚಿಕೊಂಡ ಹುಡುಗಿಯನ್ನೂ ಆ ಕಂಬಳಿಯನ್ನೂ ನೋಡಿ, 'ಅಯ್ಯೋ ಅಸಾನಣ್ಣಾ, ಔಷಧಿ ಯಾರಿಗೆ ಹಚ್ಚಿದ್ದೀರಾ!' ಎಂದು ತಲೆ ಚಚ್ಚಿಕೊಂಡಳು. ಜಿಪಾರಳನ್ನು ಒಳಗೆ ಕರೆದೊಯ್ದು ಬೆಣ್ಣೆ ಹಾಕಿದ ಬಿಸಿ ಚಹಾ ಕುಡಿಸಿದಳು, ಬಟ್ಟೆ ಮಡಿಸಿಕೊಳ್ಳುವುದನ್ನು ತೋರಿಸಿದಳು. 'ತಿಂಗಳು ತಿಂಗಳೂ ಬರುತ್ತೆ ಕಣೇ, ನಾಕೈದು ದಿನ ಇದ್ದು ಹೋಗುತ್ತೆ. ಗಾಯಾನೂ ಅಲ್ಲ, ರೋಗಾನೂ ಅಲ್ಲ. ನಂಗೂ ಬರುತ್ತೆ, ನೋಡು, ಹೆಂಗೆ ಗುಂಡುಗುಂಡಾಗಿದೀನಿ!' ಹೊರಗಿದ್ದ ನಾನು ಕಿವಿ ಮುಚ್ಚಿಕೊಳ್ಳಬೇಕಿತ್ತು, ಮುಚ್ಚಿಕೊಳ್ಳಲಿಲ್ಲ. ಆಗ ಜಿಪಾರ್ ಅಂದಳು: 'ನಾನು ಸಾಯ್ತೀನಿ ಅಂದ್ಕೊಂಡಿದ್ದೆ. ಅಪ್ಪ ಒಬ್ನೇ ಆಗ್ಬಿಡ್ತಾನಲ್ಲಾ ಅಂತ ಹೇಳ್ಲಿಲ್ಲ.' ನಾನು ಹೋಗಿ ಕುದುರೆಯ ಹಿಂದೆ ನಿಂತು ಅತ್ತುಬಿಟ್ಟೆ.

ಈಗ ಆರಾಮಾಗಿದ್ದಾಳೆ. ಕುದುರೆಯ ಬೆನ್ನಿನ ಮುಲಾಮಿಗೆ ಮುತ್ತುವ ನೊಣ ತೋರಿಸಿ ನನ್ನನ್ನು ಆಡಿಕೊಳ್ಳುತ್ತಾಳೆ. ಮಗ ಎರ್ಕಿನ್‌ಗೂ ಮೊಮ್ಮಕ್ಕಳಿಗೂ ನನ್ನ ಆಶೀರ್ವಾದ. ನಿನ್ನ ಮನೆಯ ಒಲೆ ಎಂದೂ ಆರದಿರಲಿ.

ನಿನ್ನ ಮಾವ,
ಅಸಾನ್‌ಕುಲ್

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ, ಬರೆಯಲು ಧೈರ್ಯ ಬರಲಿಲ್ಲ. ಈ ಕಾಗದ ಒಯ್ಯಬೇಕಾದ ಹಾಲಿನ ಲಾರಿಯವನು ಹಾರ್ನ್ ಹೊಡೆಯುತ್ತಿದ್ದಾನೆ. ಜಿಪಾರ್ ನಿನ್ನೆ ಕೇಳಿದಳು: 'ಅಪ್ಪಾ, ಬುರುಲಕ್ಕನ್ನ ಅಮ್ಮಾ ಅಂತ ಕರೆದ್ರೆ ನಿಂಗೆ ಬೇಜಾರಾಗುತ್ತಾ?' ಆಗುವುದಿಲ್ಲ ಎಂದೆ. ಅದು ಸುಳ್ಳು, ಬುರುಲ್. ಆದರೂ ಬೇಗ ಬಾ, ನಿನ್ನ ಮಗಳನ್ನು ಕರೆದುಕೊಂಡು ಹೋಗು.