ತಡೆಯುವವನಿಗೆ ನನ್ನ ಮತ

ಸುಧೀಂದ್ರ,

ನೀನು ತೀರಿಕೊಂಡ ಮೇಲೆ ಇದು ಎರಡನೇ ಸೀಸನ್. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ನಿನ್ನಿಷ್ಟದ ಕೆನಡಾ ಫುಟ್‌ಬಾಲ್ ಅರ್ಧ ಮುಗಿದು, ಅತ್ಯುತ್ತಮ ಆಟಗಾರನ ಪ್ರಶಸ್ತಿಗೆ ಯಾರು ಅರ್ಹರೆಂಬ ಪಟ್ಟಿ ಬಂದಿದೆ. ಮತ್ತೆ ಚೆಂಡು ಎಸೆಯುವವರದೇ ಹೆಸರುಗಳು! ಎದುರಾಳಿಗಳು ಅವರ ಮೈಮೇಲೆ ಬೀಳದಂತೆ ಎದೆಯೊಡ್ಡಿ ತಡೆಯುವವರು ಒಬ್ಬರೂ ಇಲ್ಲ. ನೀನಿದ್ದಿದ್ದರೆ ಟಿವಿಗೇ ಬೈಯುತ್ತಿದ್ದೆ.

ಇಂದು ಮಿಸೌರಿ ಸಿಟಿಯಲ್ಲಿ, ಒಟ್ಟಿಗೆ ಆಟ ನೋಡುವ ನಮ್ಮ ಕೂಟದವರು ಅತ್ಯುತ್ತಮ ಆಟಗಾರನನ್ನು ಆರಿಸುವ ವಾರ್ಷಿಕ ಮತದಾನದಲ್ಲಿ ನಾನು ಅಂಥ ಒಬ್ಬನಿಗೇ ಮತ ಹಾಕಿದೆ.

“ಅಂಕಲ್, ಅವನು ಬಾಲ್ ಮುಟ್ಟೋದೇ ಇಲ್ವಲ್ಲ!” ಎಂದು ಕೂಟದ ಹುಡುಗ ಯಶಸ್ ನಕ್ಕ.

“ಅವನಿಲ್ದಿದ್ರೆ ಬೇರೆ ಯಾರೂ ಮುಟ್ಟಕ್ಕಾಗಲ್ಲ ಕಣಪ್ಪಾ” ಎಂದು ನಿನ್ನ ಮಾತನ್ನೇ ಹೇಳಿದೆ.

ಎನರ್ಜಿ ಕಾರಿಡಾರ್ ಬಡಾವಣೆಯ ನಮ್ಮ ಆಫೀಸಿನಲ್ಲಿ ನನಗೆ ಪ್ರಶಸ್ತಿ ಬಂದಾಗ, ನನ್ನ ಡಿಸೈನಿನ ತಪ್ಪುಗಳನ್ನೆಲ್ಲ ತಿದ್ದಿದ್ದ ನೀನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ. ವೇದಿಕೆಯ ಮೇಲೆ ನಾನು ಒಂಬತ್ತು ಜನರ ಹೆಸರು ಹೇಳಿದೆ. ನಿನ್ನದು ಹೇಳಲಿಲ್ಲ.